ಹುಣಸೆಯ ಹುಳಿಯಿಂದ ಜೇಬಿನ ಸ್ಕ್ಯಾನರಿನವರೆಗೆ

ಕಳೆದ ಯುಗಾದಿ ಊಟದ ದಿನ ನಡೆದ ಒಂದು ಸಣ್ಣ ಪ್ರಸಂಗದಿಂದ ಈ ಲೇಖನ ಹುಟ್ಟಿತು. ಅಂದು ಬಂದಿದ್ದವರಲ್ಲಿ ಕೆಲವರಿಗೆ ನೆನಪಿರಬಹುದು. ಒಬ್ಬಟ್ಟು ಬಡಿಸುವುದಕ್ಕೆ ಇನ್ನೂ ಸಮಯವಿತ್ತು. ಕ್ಲಿನಿಕ್ಕಿನ ಕೆಲಸ ಮುಗಿಸಿ ನೇರವಾಗಿ ಹಾಲಿಗೆ ಬಂದಿದ್ದ ನನ್ನ ಹೆಂಡತಿ ಮಗುವಿನ ಕೈ ಒರೆಸಲು ಚೀಲದಿಂದ ಟವೆಲ್ಲು ಎಳೆದಾಗ, ಅದರ ಜೊತೆಗೆ ಕಪ್ಪಗಿನ ಒಂದು ಉಪಕರಣವೂ ಮೇಜಿನ ಮೇಲೆ ಬಿತ್ತು. ಮಗನ ಮನೆಗೆಂದು ಊರಿನಿಂದ ಬಂದಿದ್ದ, ತಿಪಟೂರಿನ ಕಡೆಯ ಯಜಮಾನರೊಬ್ಬರು ಅದನ್ನು ಎತ್ತಿ ಹಿಂದೆ ಮುಂದೆ ತಿರುಗಿಸಿ ನೋಡಿ, "ಇದೇನಮ್ಮ, ಗಡ್ಡ ಹೆರೆಯೋ ಮಿಷನ್ನೇ?" ಎಂದರು.

ಅದು ಸ್ಕ್ಯಾನಿಂಗ್ ಯಂತ್ರವೆಂದು ಹೇಳಿದರೆ ಅವರು ನಂಬಲಿಲ್ಲ. ನನ್ನ ಹೆಂಡತಿ ಅದರ ತಂತಿಯನ್ನು ತನ್ನ ಫೋನಿಗೆ ಸಿಕ್ಕಿಸಿ, ಮೂಲೆಯಲ್ಲಿ ಅವರನ್ನು ಕೂರಿಸಿಕೊಂಡು, ಎದೆಗೆ ಸ್ವಲ್ಪ ಜೆಲ್ ಹಚ್ಚಿ ತೋರಿಸಿದಳು. ಫೋನಿನ ಪರದೆಯ ಮೇಲೆ ಅವರ ಹೃದಯದ ಕವಾಟಗಳು ಬಾಗಿಲು ತೆರೆದು ಮುಚ್ಚಿದಂತೆ ಆಡುತ್ತಿದ್ದವು. ಎಪ್ಪತ್ತೆಂಟು ವರ್ಷ ತಮ್ಮೊಳಗೆ ಬಡಿದುಕೊಂಡು ಬಂದದ್ದನ್ನು ಅವರು ಮೊದಲ ಸಲ ಕಂಡು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: "ಇದಕ್ಕೆ ಎಷ್ಟಾಗುತ್ತೆ? ನಮ್ಮೂರ ಆಸ್ಪತ್ರೆಗೆ ಒಂದು ತಗೊಂಡು ಹೋಗ್ತೀನಿ."

ಬೆಲೆಯನ್ನು ಹೇಳಬಹುದಿತ್ತು. ಆದರೆ ಒಯ್ಯುವಂತಿಲ್ಲ ಎಂದು ಹೇಳಬೇಕಾಯಿತು. "ಒಳ್ಳೇದು ಮಾಡೋ ಮಿಷನ್ನನ್ನ ಒಳಕ್ಕೆ ಬಿಡೋಲ್ಲ ಅಂದ್ರೆ ಅದೆಂಥ ಕಾನೂನಯ್ಯ?" ಎಂದು ಅವರು ನನ್ನನ್ನೇ ಗದರಿಸಿದರು. ಪಾಯಸ ಬರುವವರೆಗೂ ವಿವರಿಸಿದೆ. ಅವರಿಗೆ ಸಮಾಧಾನವಾದಂತೆ ಕಾಣಲಿಲ್ಲ. ಅಂದು ಅರ್ಧಕ್ಕೆ ನಿಂತ ಉತ್ತರವನ್ನು ಇಲ್ಲಿ ಪೂರ್ತಿ ಮಾಡುತ್ತಿದ್ದೇನೆ. ನಾನು ವೈದ್ಯನಲ್ಲ, ರಸಾಯನಶಾಸ್ತ್ರದವನು. ಹಾಗಾಗಿ ಕಥೆಯನ್ನು ರೋಗಿಯಿಂದಲ್ಲದೆ ಹರಳಿನಿಂದ ಆರಂಭಿಸಿದರೆ ಓದುಗರು ಮನ್ನಿಸಬೇಕು.

ತತ್ತ್ವ ಬಹಳ ಸರಳ. ಬಾವಿಯ ಕಟ್ಟೆಯ ಮೇಲೆ ನಿಂತು 'ಕೂ' ಎಂದರೆ ನೀರಿಗೆ ತಾಗಿ ಸದ್ದು ಮರಳಿ ಬರುತ್ತದೆ. ಎಷ್ಟು ಹೊತ್ತಿಗೆ ಬಂತೆಂದು ಲೆಕ್ಕವಿಟ್ಟರೆ ಬಾವಿಯ ಆಳ ತಿಳಿಯುತ್ತದೆ. ನಮ್ಮ ಕಿವಿ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗೆ ಮಾತ್ರ ಕೇಳಬಲ್ಲುದು. ವೈದ್ಯರ ಯಂತ್ರ ಕೂಗುವುದು 20 ಲಕ್ಷದಿಂದ 1 ಕೋಟಿ 50 ಲಕ್ಷದವರೆಗಿನ ಕಂಪನಗಳಲ್ಲಿ. ದೇಹದ ಮೃದು ಭಾಗಗಳಲ್ಲಿ ಸದ್ದು ಸೆಕೆಂಡಿಗೆ ಸುಮಾರು 1,540 ಮೀಟರ್ ಓಡುತ್ತದೆ. 15 ಸೆಂಟಿಮೀಟರ್ ಆಳಕ್ಕೆ ಹೋಗಿ ಬರಲು ಒಂದು ಸೆಕೆಂಡಿನ ಹತ್ತು ಲಕ್ಷದಲ್ಲಿ 200 ಭಾಗ ಸಾಕು. ಅಂದರೆ ಒಂದು ಸೆಕೆಂಡಿನಲ್ಲಿ 5,000 ಸಲ ಕೂಗಿ ಕಿವಿಗೊಡಬಹುದು. ನೂರಿಪ್ಪತ್ತೆಂಟು ಗೆರೆಗಳು ಸೇರಿ ಒಂದು ಚಿತ್ರವಾಗುವುದಾದರೆ ಸೆಕೆಂಡಿಗೆ ಸುಮಾರು ನಲವತ್ತು ಚಿತ್ರ, ಸಿನಿಮಾಕ್ಕಿಂತ ಹೆಚ್ಚು. ಯಜಮಾನರ ಎದೆಬಡಿತ ಪರದೆಯ ಮೇಲೆ ಕುಣಿದದ್ದು ಈ ಲೆಕ್ಕದಿಂದ.

ಕೂಗುವ ಬಾಯಿ ಯಾವುದು, ಕೇಳುವ ಕಿವಿ ಯಾವುದು? ಎರಡೂ ಒಂದೇ. 1880ರಲ್ಲಿ ಪ್ಯಾರಿಸಿನಲ್ಲಿ ಝಾಕ್ ಕ್ಯೂರಿ ಮತ್ತು ಪಿಯರ್ ಕ್ಯೂರಿ ಎಂಬ ಅಣ್ಣತಮ್ಮಂದಿರು ಕೆಲವು ಹರಳುಗಳನ್ನು ಒತ್ತಿದರೆ ಅವುಗಳ ಮೈಮೇಲೆ ವಿದ್ಯುತ್ತು ಏಳುವುದನ್ನು ಕಂಡರು. ತಮ್ಮನಿಗೆ ಆಗ ಇಪ್ಪತ್ತೊಂದು ವರ್ಷ. ಮೇರಿ ಕ್ಯೂರಿಯವರ ಪತಿಯೆಂದು ಲೋಕ ಅವನನ್ನು ಗುರುತಿಸುವುದಕ್ಕೆ ಇನ್ನೂ ಬಹಳ ಕಾಲವಿತ್ತು. ಮರುವರ್ಷ ಇದರ ತಿರುವುಮುರುವೂ ನಿಜವೆಂದು ತೋರಿಸಿದರು: ವಿದ್ಯುತ್ತು ಕೊಟ್ಟರೆ ಹರಳು ಹಿಗ್ಗಿ ಕುಗ್ಗುತ್ತದೆ. ವೇಗವಾಗಿ ಹಿಗ್ಗಿ ಕುಗ್ಗಿದರೆ ಸದ್ದು. ಮರಳಿ ಬಂದ ಸದ್ದು ಒತ್ತಿದರೆ ವಿದ್ಯುತ್ತು.

ಅವರು ಪರೀಕ್ಷಿಸಿದ ವಸ್ತುಗಳಲ್ಲಿ ಟೂರ್ಮಲೀನ್, ಪುಷ್ಯರಾಗ, ಬೆಣಚುಕಲ್ಲಿನ ಸ್ಫಟಿಕ ಇವುಗಳ ಜೊತೆಗೆ ಕಬ್ಬಿನ ಸಕ್ಕರೆಯೂ ರೋಶೆಲ್ ಉಪ್ಪು ಎಂಬುದೂ ಇದ್ದವು. ಈ ಕಡೆಯ ಉಪ್ಪಿನ ಮೇಲೆ ನನಗೆ ವಿಶೇಷ ಅಕ್ಕರೆ. ಫ್ರಾನ್ಸಿನ ಲಾ ರೋಶೆಲ್ ಊರಿನ ಔಷಧ ವ್ಯಾಪಾರಿಯೊಬ್ಬ ಹದಿನೇಳನೆಯ ಶತಮಾನದಲ್ಲಿ ಇದನ್ನು ಭೇದಿಯ ಮದ್ದಾಗಿ ಮಾಡಿ ಮಾರುತ್ತಿದ್ದ. ಇದು ಟಾರ್ಟಾರಿಕ್ ಆಮ್ಲದ ಒಂದು ಲವಣ. ಅವರಿಗೆ ಆ ಆಮ್ಲ ದೊರೆತದ್ದು ದ್ರಾಕ್ಷಾರಸದ ಪೀಪಾಯಿಯ ತಳದಲ್ಲಿ. ನಮಗಾದರೆ ಹುಣಸೆಹಣ್ಣಿನಲ್ಲಿ, ನಮ್ಮ ಸಾರಿಗೆ ಹುಳಿ ಕೊಡುವುದು ಮುಖ್ಯವಾಗಿ ಅದೇ ಆಮ್ಲ. ಗೆಳತಿಯರೇ, ಮುಂದಿನ ಸಲ ಹುಣಸೆ ಕಿವುಚುವಾಗ ಕ್ಯೂರಿ ಸೋದರರನ್ನು ನೆನೆಯಿರಿ. ಗೆಳೆಯರೇ, ನೀವೂ ಒಮ್ಮೊಮ್ಮೆ ಕಿವುಚಿರಿ.

ಮೂವತ್ತು ವರ್ಷಕ್ಕೂ ಮೇಲೆ ಇದು ಪ್ರಯೋಗಶಾಲೆಯ ಆಟವಾಗಿಯೇ ಉಳಿಯಿತು. ಅದಕ್ಕೆ ಕೆಲಸ ಕೊಟ್ಟದ್ದು ಯುದ್ಧ. ಮೊದಲ ಮಹಾಯುದ್ಧದಲ್ಲಿ ಜರ್ಮನರ ಜಲಾಂತರ್ಗಾಮಿಗಳನ್ನು ಪತ್ತೆಮಾಡಲು, ಪಿಯರ್ ಕ್ಯೂರಿಯ ಶಿಷ್ಯ ಪಾಲ್ ಲಾಂಜೆವಾನ್ ಸ್ಫಟಿಕದ ಚೂರುಗಳನ್ನು ಎರಡು ಉಕ್ಕಿನ ಫಲಕಗಳ ನಡುವೆ ಅಡಕಿ ನೀರಿನೊಳಗೆ ಕೂಗಿಸಿದನು. ತೊಟ್ಟಿಯಲ್ಲಿ ಆ ಕಿರಣದ ದಾರಿಗೆ ಬಂದ ಮೀನುಗಳು ಸತ್ತವು, ಕೈಯಿಟ್ಟವರಿಗೆ ನೋವಾಯಿತು. ಈ ಸದ್ದು ಜೀವಿಗಳ ದೇಹವನ್ನು ಹೊಕ್ಕು ನಡೆಯುತ್ತದೆ ಎಂಬುದಕ್ಕೆ ಅದು ಮೊದಲ ಗುರುತು. (ಈಗಿನ ಸ್ಕ್ಯಾನರುಗಳ ಶಕ್ತಿ ಅದರ ಮುಂದೆ ಏನೇನೂ ಅಲ್ಲ, ಗರ್ಭಿಣಿಯರು ಹೆದರಬೇಕಾಗಿಲ್ಲ.)

ಇಲ್ಲಿ ನಮ್ಮ ಬೆಂಗಳೂರಿಗೂ ಒಂದು ಪಾಲಿದೆ. 1935-36ರಲ್ಲಿ ಭಾರತೀಯ ವಿಜ್ಞಾನ ಮಂದಿರದಲ್ಲಿ ಸರ್ ಸಿ. ವಿ. ರಾಮನ್ ಮತ್ತು ನಾಗೇಂದ್ರನಾಥ್ ಅವರು, ಇಂಥ ಶ್ರವಣಾತೀತ ಅಲೆಗಳು ಹಾಯುತ್ತಿರುವ ದ್ರವದೊಳಗೆ ಬೆಳಕನ್ನು ಬಿಟ್ಟರೆ ಅದು ಹೇಗೆ ಹಲವು ಕವಲಾಗಿ ಒಡೆಯುತ್ತದೆಂಬುದನ್ನು ಲೆಕ್ಕ ಕಟ್ಟಿ ವಿವರಿಸಿದರು. ರಾಮನ್-ನಾಥ್ ಸಿದ್ಧಾಂತವೆಂದು ಇಂದಿಗೂ ಪಠ್ಯಪುಸ್ತಕಗಳಲ್ಲಿ ಅದಕ್ಕೆ ಹೆಸರು. ವೈದ್ಯಕೀಯಕ್ಕೂ ಅದಕ್ಕೂ ನೇರ ಸಂಬಂಧವಿಲ್ಲ. ಆದರೂ ಈ ಹರಳಿನ ಕೂಗನ್ನು ಬೆಂಗಳೂರಿನಲ್ಲಿ ಅಷ್ಟು ಹಿಂದೆಯೇ ಆಲಿಸಿದ್ದರು ಎಂಬುದನ್ನು ಹೇಳದೆ ಮುಂದೆ ಹೋಗಲು ಮನಸ್ಸು ಬಾರದು.

ಎರಡನೆಯ ಮಹಾಯುದ್ಧದ ಹೊತ್ತಿಗೆ ಕಾರ್ಖಾನೆಗಳಲ್ಲಿ ಎರಕದೊಳಗಿನ ಬಿರುಕು ಹುಡುಕಲು ಇದೇ ವಿದ್ಯೆ ಬಳಕೆಗೆ ಬಂತು. ಮನುಷ್ಯನ ಒಳಗನ್ನು ನೋಡಿದವರೆಲ್ಲ ಇಂಥ ಸೈನ್ಯದ ಅಥವಾ ಕಾರ್ಖಾನೆಯ ಸಾಮಾನನ್ನು ಬೇಡಿ ತಂದವರೇ. ಆಸ್ಟ್ರಿಯದ ಡುಸಿಕ್ ಎಂಬ ವೈದ್ಯ 1942ರಲ್ಲಿ ಮಿದುಳಿನ ಚಿತ್ರ ತೆಗೆದೆನೆಂದು ಪ್ರಕಟಿಸಿದ. ಅವನಿಗೆ ಕಂಡದ್ದು ಬಹುಪಾಲು ತಲೆಬುರುಡೆಯ ಆಟವೆಂದು ಆಮೇಲೆ ತಿಳಿಯಿತು. ಅಮೆರಿಕದ ಮಿನಿಯಾಪೊಲಿಸಿನಲ್ಲಿ ಜಾನ್ ವೈಲ್ಡ್ ನೌಕಾದಳದ ರಡಾರ್ ತರಬೇತಿ ಯಂತ್ರದಿಂದ ಅಂಗಾಂಶಗಳ ದಪ್ಪ ಅಳೆದ. ಡೆನ್ವರಿನಲ್ಲಿ ಡಗ್ಲಾಸ್ ಹೌರಿ ಬಿ-29 ಬಾಂಬರ್ ವಿಮಾನದ ಬಂದೂಕಿನ ಗೂಡಿನ ಭಾಗಗಳಿಂದ ಒಂದು ತೊಟ್ಟಿ ಕಟ್ಟಿದ. ರೋಗಿ ಆ ನೀರಿನಲ್ಲಿ ಕುತ್ತಿಗೆಯವರೆಗೆ ಮುಳುಗಿ ಕೂರಬೇಕು, ಯಂತ್ರ ಸುತ್ತ ತಿರುಗಬೇಕು. ಚಿತ್ರವೇನೋ ಚೆನ್ನಾಗಿ ಬಂತು, ಆದರೆ ನಿಜವಾಗಿ ಕಾಯಿಲೆ ಬಿದ್ದವನನ್ನು ತೊಟ್ಟಿಗೆ ಇಳಿಸುವವರು ಯಾರು? ಸ್ವೀಡನ್ನಿನ ಲುಂಡ್‌ನಲ್ಲಿ ಎಡ್ಲರ್ ಮತ್ತು ಹರ್ಟ್ಸ್ 1953ರಲ್ಲಿ ಮಾಲ್ಮೋದ ಹಡಗುಕಟ್ಟೆಯಿಂದ ಬಿರುಕು ಹುಡುಕುವ ಉಪಕರಣವನ್ನು ವಾರಾಂತ್ಯಕ್ಕೆ ಕಡ ತಂದು ಹೃದಯದ ಮೇಲಿಟ್ಟು ನೋಡಿದರು. ಯುಗಾದಿಯ ದಿನ ನಮ್ಮ ಯಜಮಾನರು ಕಂಡದ್ದಕ್ಕೆ ಅಲ್ಲೇ ಮೂಲ.

ಆದರೆ ಈ ಕಥೆಯ ನಡುಮನೆ ಇರುವುದು ನಾವು ವಾಸಿಸುವ ಗ್ಲಾಸ್ಗೋದಲ್ಲಿ. ಇಲ್ಲಿಯ ವಿಶ್ವವಿದ್ಯಾಲಯಕ್ಕೆ 1954ರಲ್ಲಿ ಪ್ರಸೂತಿಶಾಸ್ತ್ರದ ಪ್ರಾಧ್ಯಾಪಕರಾಗಿ ಬಂದ ಇಯಾನ್ ಡೊನಾಲ್ಡ್ ಯುದ್ಧಕಾಲದಲ್ಲಿ ವಾಯುಪಡೆಯಲ್ಲಿದ್ದವರು. ರಡಾರ್, ಸೋನಾರ್ ವಿದ್ಯೆಗಳ ಪರಿಚಯವಿತ್ತು. ಅವರ ರೋಗಿಯೊಬ್ಬಳ ಗಂಡ ರೆನ್‌ಫ್ರೂವಿನ ಬಾಯ್ಲರ್ ಕಾರ್ಖಾನೆಯಲ್ಲಿ ದೊಡ್ಡ ಹುದ್ದೆಯಲ್ಲಿದ್ದ. ಬೆಸುಗೆಯ ಬಿರುಕು ನೋಡುವ ಅಲ್ಲಿಯ ಯಂತ್ರವನ್ನು ನೋಡಲು 1955ರ ಜುಲೈ 21ರಂದು ಡೊನಾಲ್ಡ್ ಎರಡು ಕಾರು ಕಟ್ಟಿಕೊಂಡು ಹೊರಟರು. ಕಾರುಗಳ ಡಿಕ್ಕಿಯಲ್ಲಿ ಇದ್ದದ್ದೇನು? ಆಪರೇಷನ್ನಿನಲ್ಲಿ ತೆಗೆದ ಗರ್ಭಕೋಶದ ಗಡ್ಡೆಗಳು, ಅಂಡಾಶಯದ ನೀರುಗುಳ್ಳೆಗಳು. ಹೋಲಿಸಿ ನೋಡಲೆಂದು ಕಾರ್ಖಾನೆಯವರು ದೊಡ್ಡದೊಂದು ಮಾಂಸದ ತುಂಡನ್ನೂ ತರಿಸಿಟ್ಟಿದ್ದರು. ಗಟ್ಟಿ ಗಡ್ಡೆಯ ಪ್ರತಿಧ್ವನಿಯೇ ಬೇರೆ, ನೀರು ತುಂಬಿದ್ದರ ಪ್ರತಿಧ್ವನಿಯೇ ಬೇರೆ ಎಂಬುದು ಅಂದು ಸಂಜೆಯೊಳಗೆ ಸ್ಪಷ್ಟವಾಯಿತು. ಗ್ಲಾಸ್ಗೋ ವಿಮಾನನಿಲ್ದಾಣಕ್ಕೆ ಊರಿನವರನ್ನು ಕರೆತರಲು ಹೋಗುವಾಗ ರೆನ್‌ಫ್ರೂವಿನ ಫಲಕ ಕಂಡರೆ ನನಗೆ ಆ ಎರಡು ಕಾರುಗಳು ನೆನಪಾಗುತ್ತವೆ.

ಆಮೇಲೆ ಟಾಮ್ ಬ್ರೌನ್ ಎಂಬ, ಇಪ್ಪತ್ಮೂರು ವರ್ಷದ ಎಂಜಿನಿಯರ್ ಹುಡುಗ ತಾನಾಗಿಯೇ ಡೊನಾಲ್ಡರಿಗೆ ಫೋನು ಮಾಡಿ ಜೊತೆ ಸೇರಿದ. ಕೆಲ್ವಿನ್ ಹ್ಯೂಸ್ ಕಂಪನಿಯ ಈ ತರುಣ ಆಸ್ಪತ್ರೆಯಲ್ಲಿ ರೋಗಿಗೆ ಊಟ ಕೊಡುವ, ಹಾಸಿಗೆಯ ಮೇಲೆ ಬಾಗುವ ಮೇಜನ್ನೇ ಹಿಡಿದು, ಅದಕ್ಕೆ ಹರಳಿನ ಕೈಯನ್ನು ಜೋಡಿಸಿ, ಹೊಟ್ಟೆಯ ಮೇಲೆ ಆಡಿಸುವ ಯಂತ್ರ ಕಟ್ಟಿದ. ನೀರಿನ ತೊಟ್ಟಿಯ ಬದಲು ಚರ್ಮಕ್ಕೆ ಆಲಿವ್ ಎಣ್ಣೆ ಸವರಿದರು. ತೊಟ್ಟಿ ಹೋಯಿತು, ಎಣ್ಣೆ ಬಂತು ಎಂಬುದೇ ನನ್ನ ಮಟ್ಟಿಗೆ ಈ ಯಂತ್ರ ರೋಗಿಯ ಹತ್ತಿರಕ್ಕೆ ಬಂದ ಮೊದಲ ಹೆಜ್ಜೆ.

ಆ ದಿನಗಳ ಒಂದು ಘಟನೆಯನ್ನು ಎಲ್ಲರೂ ಹೇಳುತ್ತಾರೆ, ನಾನೂ ಹೇಳಬೇಕು. ಹೊಟ್ಟೆಯಲ್ಲಿ ನೀರು ತುಂಬಿ ಸಾವಿನ ಅಂಚಿನಲ್ಲಿದ್ದ ಒಬ್ಬ ಹೆಂಗಸಿಗೆ, ಜಠರದ ಕ್ಯಾನ್ಸರು, ಮಾಡುವಂಥದ್ದೇನೂ ಉಳಿದಿಲ್ಲ ಎಂದು ವೈದ್ಯರು ತೀರ್ಮಾನಿಸಿದ್ದರು. ಡೊನಾಲ್ಡರ ಯಂತ್ರದಲ್ಲಿ ಕಂಡದ್ದು ಒಂದು ದೊಡ್ಡ ನೀರುಗುಳ್ಳೆ. ಶಸ್ತ್ರಕ್ರಿಯೆ ಮಾಡಿ ಅದನ್ನು ತೆಗೆದರು; ಆಕೆ ಗುಣವಾಗಿ ಮನೆಗೆ ಹೋದಳು. ಅಲ್ಲಿಯವರೆಗೆ ನಗುತ್ತಿದ್ದವರು ನಗುವುದನ್ನು ನಿಲ್ಲಿಸಿದರು. ಡೊನಾಲ್ಡ್, ಮ್ಯಾಕ್‌ವಿಕರ್ ಮತ್ತು ಬ್ರೌನ್ ಮೂವರ ಹೆಸರಿನಲ್ಲಿ 1958ರ ಜೂನ್ 7ರ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದ ಲೇಖನ ಇಡೀ ಶಾಸ್ತ್ರಕ್ಕೆ ಬುನಾದಿಯಾಯಿತು. 1964ರಲ್ಲಿ ಯಾರ್ಕ್‌ಹಿಲ್ಲಿನಲ್ಲಿ ತೆರೆದ ಕ್ವೀನ್ ಮದರ್ಸ್ ಆಸ್ಪತ್ರೆ ಡೊನಾಲ್ಡರ ಕನಸಿನದು. ಅದು 2010ರಲ್ಲಿ ಮುಚ್ಚಿತು. ನಮ್ಮ ಹಿರಿಯ ಸದಸ್ಯರಲ್ಲಿ ಕೆಲವರ ಮಕ್ಕಳು ಹುಟ್ಟಿದ್ದು ಅಲ್ಲಿಯೇ.

ಡೊನಾಲ್ಡರ ಬಗ್ಗೆ ಇನ್ನೊಂದು ಮಾತು ಮುಂದೆ ಬೇಕಾಗುತ್ತದೆ. ಅವರು ಗರ್ಭಪಾತದ ಕಡು ವಿರೋಧಿ. ಬ್ರಿಟನ್ನಿನಲ್ಲಿ 1967ರಲ್ಲಿ ಬಂದ ಕಾಯಿದೆಯನ್ನು ಬಲವಾಗಿ ಎದುರಿಸಿದರು. ಗರ್ಭದೊಳಗಿನ ಶಿಶುವಿನ ಸ್ಕ್ಯಾನ್ ಚಿತ್ರಗಳನ್ನೇ ತಮ್ಮ ವಾದಕ್ಕೆ ಸಾಕ್ಷಿಯಾಗಿ ತೋರಿಸುತ್ತಿದ್ದರು. 1987ರಲ್ಲಿ ತೀರಿಕೊಂಡರು.

ಇನ್ನು ಯಂತ್ರ ಸಣ್ಣದಾದ ಕಥೆ. ಇಲ್ಲಿ ನನ್ನ ಕಸುಬಿನ ಮಾತು ಬರುತ್ತದೆ. ಸ್ಫಟಿಕ ದುರ್ಬಲವಾಗಿ ಕೂಗುತ್ತದೆ. ರೋಶೆಲ್ ಉಪ್ಪು ತೇವಕ್ಕೆ ಕರಗುತ್ತದೆ. ಯುದ್ಧಕಾಲದಲ್ಲಿ ಬೇರಿಯಮ್ ಟೈಟನೇಟು ಬಂತು. 1950ರ ದಶಕದ ಮೊದಲ ಭಾಗದಲ್ಲಿ ಜಪಾನು ಮತ್ತು ಅಮೆರಿಕಗಳಲ್ಲಿ ಸೀಸ, ಜರ್ಕೋನಿಯಮ್, ಟೈಟೇನಿಯಮ್ ಆಕ್ಸೈಡುಗಳನ್ನು ಬೆರೆಸಿ ಸುಟ್ಟ ಪಿಂಗಾಣಿ ಬಂದು ಎಲ್ಲವನ್ನೂ ಬದಿಗೆ ಸರಿಸಿತು. ಪಿಜೆಡ್‌ಟಿ ಎಂದು ಕರೆಯುವ ಇದನ್ನು ಮಾಡುವುದು ಒಂದು ಬಗೆಯ ಕುಂಬಾರಿಕೆಯೇ: ಪುಡಿ ಅರೆಯಬೇಕು, ಒತ್ತಬೇಕು, 1,200 ಡಿಗ್ರಿಯ ಆಚೀಚೆ ಸುಡಬೇಕು, ಕೊನೆಗೆ ಬಿಸಿ ಎಣ್ಣೆಯಲ್ಲಿಟ್ಟು ಭಾರಿ ವೋಲ್ಟೇಜು ಕೊಟ್ಟು ಒಳಗಿನ ಕಣಗಳನ್ನೆಲ್ಲ ಒಂದೇ ದಿಕ್ಕಿಗೆ ಮುಖ ಮಾಡಿಸಬೇಕು. ಸೀಸ ವಿಷ, ಅದಿಲ್ಲದೆ ಇಷ್ಟೇ ಚೆನ್ನಾಗಿ ಕೂಗುವ ಪಿಂಗಾಣಿ ಮಾಡಬಹುದೇ ಎಂದು ಹಲವು ದೇಶಗಳಲ್ಲಿ ಜನ ಒದ್ದಾಡುತ್ತಿದ್ದಾರೆ. ಅವರಲ್ಲಿ ನಾನೂ ಒಬ್ಬ. ಸದ್ಯಕ್ಕೆ ಸೀಸವೇ ಗೆಲ್ಲುತ್ತಿದೆ ಎಂದು ಒಪ್ಪಿಕೊಳ್ಳುತ್ತೇನೆ.

1971ರ ಸುಮಾರಿಗೆ ರಾಟರ್‌ಡ್ಯಾಮಿನ ಕ್ಲಾಸ್ ಬಾಮ್ ಒಂದೇ ಹರಳಿನ ಬದಲು ಇಪ್ಪತ್ತು ಹರಳುಗಳನ್ನು ಸಾಲಾಗಿ ಜೋಡಿಸಿ ಒಂದಾದ ಮೇಲೊಂದು ಕೂಗಿಸಿದರು. ಈಗ ಕೈಯನ್ನು ಆಡಿಸಬೇಕಾಗಿಲ್ಲ, ಚಿತ್ರ ತಾನೇ ಓಡುತ್ತದೆ. ಅದೇ ದಶಕದ ಕೊನೆಯಲ್ಲಿ ಅವರ ತಂಡದಿಂದ ಮಿನಿವೈಸರ್ ಎಂಬ, ಬ್ಯಾಟರಿಯಿಂದ ನಡೆಯುವ, ಒಂದೇ ಕೈಯಲ್ಲಿ ಹಿಡಿಯಬಹುದಾದ ಯಂತ್ರವೂ ಬಂತು. ಜೇಬಿನ ಸ್ಕ್ಯಾನರನ್ನು ಈಗಿನವರ ಆವಿಷ್ಕಾರವೆಂದು ಭಾವಿಸುವವರು ಇದನ್ನು ಗಮನಿಸಬೇಕು. ಪಾಪ, ಅದರ ಪರದೆ ತೀರ ಸಣ್ಣದು, ಚಿತ್ರ ಒರಟು. ಕಲ್ಪನೆ ಮುಂದೆ ಓಡಿತ್ತು, ಸಾಮಗ್ರಿ ಹಿಂದೆ ಉಳಿದಿತ್ತು.

ಆಮೇಲಿನ ಇಪ್ಪತ್ತು ವರ್ಷ ಯಂತ್ರಗಳು ಬೀರುವಿನಷ್ಟು ದೊಡ್ಡವಾಗಿಯೇ ಇದ್ದವು, ಬೆಲೆ ಲಕ್ಷ ಡಾಲರು ದಾಟಿತು. ಮತ್ತೆ ಸಣ್ಣದು ಮಾಡಿಸಿದ್ದು ಮತ್ತೆ ಸೈನ್ಯವೇ. ರಣರಂಗದಲ್ಲಿ ಗಾಯಾಳುವಿನ ಹೊಟ್ಟೆಯೊಳಗೆ ರಕ್ತ ಸೋರುತ್ತಿದೆಯೇ ಎಂದು ಬಿದ್ದಲ್ಲಿಯೇ ನೋಡಲು 1996ರಲ್ಲಿ ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಹಣ ಕೊಟ್ಟಿತು. ಅದರ ಫಲವಾಗಿ 1999ರಲ್ಲಿ ಸೋನೋಸೈಟ್ 180 ಎಂಬ ಯಂತ್ರ ಮಾರುಕಟ್ಟೆಗೆ ಬಂತು. ತೂಕ ಎರಡೂವರೆ ಕಿಲೋ ಒಳಗೆ. ಇನ್ನೊಂದು ದಾರಿ ಚೀನಾದಲ್ಲಿ ತೆರೆಯಿತು. ಅಲ್ಲಿಯ ಹಳ್ಳಿ ವೈದ್ಯರಿಗಾಗಿ ಜಿಇ ಕಂಪನಿಯವರು 2002ರಲ್ಲಿ ಬಿಡಿ ಯಂತ್ರಾಂಶಗಳನ್ನೆಲ್ಲ ಕೈಬಿಟ್ಟು ಸಾಮಾನ್ಯ ಲ್ಯಾಪ್‌ಟಾಪಿಗೇ ಲೆಕ್ಕದ ಕೆಲಸ ಒಪ್ಪಿಸಿದರು. ಬೆಲೆ 30,000-40,000 ಡಾಲರಿಗೆ ಇಳಿಯಿತು, 2007ರ ಹೊತ್ತಿಗೆ 15,000ಕ್ಕೆ. ಬಡವರಿಗೆಂದು ಮಾಡಿದ ಆ ಯಂತ್ರವನ್ನು ಆಮೇಲೆ ಶ್ರೀಮಂತ ದೇಶಗಳೂ ಕೊಂಡವು.

ಆದರೂ ಒಂದು ತೊಡಕು ಉಳಿದಿತ್ತು. ಪಿಂಗಾಣಿಯ ತುಂಡನ್ನು ಕೂದಲೆಳೆಯಂಥ ಗರಗಸದಿಂದ ನೂರಾರು ಸೀಳಾಗಿ ಕೊಯ್ದು ಒಂದೊಂದಕ್ಕೂ ತಂತಿ ಹಾಕಬೇಕು. ಕೈತಪ್ಪಿ ನೆಲಕ್ಕೆ ಬಿದ್ದರೆ ಒಡೆಯುತ್ತದೆ. 1990ರ ದಶಕದಲ್ಲಿ ಸ್ಟ್ಯಾನ್‌ಫರ್ಡಿನ ಖುರಿ-ಯಾಕುಬ್ ಮತ್ತು ಸಂಗಡಿಗರು ಸಿಲಿಕಾನ್ ಬಿಲ್ಲೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ತಮಟೆಗಳನ್ನು ಕೆತ್ತಿದರು. ತೆಳುವಾದ ಪೊರೆ, ಕೆಳಗೆ ಟೊಳ್ಳು. ವಿದ್ಯುತ್ತಿಗೆ ಪೊರೆ ಕಂಪಿಸುತ್ತದೆ. ಕಂಪ್ಯೂಟರಿನ ಚಿಪ್ಪು ಅಚ್ಚಾಗುವ ರೀತಿಯಲ್ಲಿಯೇ ಇವೂ ಸಾವಿರ ಸಾವಿರ ಸಂಖ್ಯೆಯಲ್ಲಿ ಅಚ್ಚಾಗುತ್ತವೆ. ಇಂಥ ಸುಮಾರು 9,000 ತಮಟೆಗಳಿರುವ ಬಟರ್‌ಫ್ಲೈ ಎಂಬ ಉಪಕರಣಕ್ಕೆ 2017ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಮೊದಲ ಬೆಲೆ 2,000 ಡಾಲರಿಗೆ ಒಂದು ಡಾಲರು ಕಡಮೆ. ವರ್ಷ ವರ್ಷ ಚಂದಾ ಬೇರೆ, ನಮ್ಮ ಸಂಘದ ಹಾಗೆ. ಮೊತ್ತ ಮಾತ್ರ ನಮ್ಮದಕ್ಕಿಂತ ಬಹಳ ಹೆಚ್ಚು. ನನ್ನ ಪಿಂಗಾಣಿಯ ಅನ್ನಕ್ಕೆ ಇದು ಕಲ್ಲು ಹಾಕಬಹುದು. ಆದರೆ ಯಂತ್ರ ಅಗ್ಗವಾದದ್ದಕ್ಕೆ ಹೊಟ್ಟೆಕಿಚ್ಚು ಪಡಬಾರದು.

ಈಗ ಯಜಮಾನರ ಪ್ರಶ್ನೆಗೆ ಬರೋಣ.

2023ರ ಕೊನೆಯಲ್ಲಿ ನಾವು ಊರಿಗೆ ಹೊರಟಾಗ ನನಗೂ ಅದೇ ಆಸೆ ಹುಟ್ಟಿತ್ತು. ನನ್ನ ಹೆಂಡತಿಯ ತಮ್ಮ ಹಾಸನ ಜಿಲ್ಲೆಯ ಕಾಫಿ ಸೀಮೆಯ ಒಂದು ಸಣ್ಣ ಆಸ್ಪತ್ರೆಯಲ್ಲಿ ವೈದ್ಯ. ಒಂದು ಉಪಕರಣ ಕೊಂಡು ತರುತ್ತೇನೆಂದು ಫೋನಿನಲ್ಲಿ ಹೇಳಿದೆ. ಅವನು ತಟ್ಟನೆ, "ಬೇಡ ಭಾವ, ದಯವಿಟ್ಟು ತರಬೇಡಿ" ಎಂದ. ಸಂಕೋಚಕ್ಕೆ ಹೇಳುತ್ತಿದ್ದಾನೆಂದು ನಾನು ಭಾವಿಸಿದೆ. "ದುಡ್ಡಿನ ಮಾತಲ್ಲ. ಅದು ನನ್ನ ಮೇಜಿನ ಮೇಲೆ ಸಿಕ್ಕಿದರೆ ಆಸ್ಪತ್ರೆಗೇ ಬೀಗ ಬೀಳುತ್ತೆ, ನನ್ನ ಮೇಲೆ ಕೇಸು" ಎಂದು ಬಿಡಿಸಿ ಹೇಳಿದ.

ಅವನಿಗೆ ಅದು ಬೇಕಿರಲಿಲ್ಲವೆಂದಲ್ಲ. ಅವರ ಆಸ್ಪತ್ರೆಯಲ್ಲಿ ನೋಂದಾಯಿಸಿದ ದೊಡ್ಡ ಸ್ಕ್ಯಾನರು ಒಂದಿದೆ. ಅದನ್ನು ಮುಟ್ಟುವ ಅಧಿಕಾರವಿರುವ ತಜ್ಞರು ಬರುವುದು ವಾರಕ್ಕೆ ಎರಡು ದಿನ. ಹಿಂದಿನ ಮೆಣಸಿನ ಕುಯ್ಲಿನಲ್ಲಿ ಸಿಲ್ವರ್ ಓಕ್ ಮರಕ್ಕೆ ಹಾಕಿದ ಏಣಿಯಿಂದ ಬಿದ್ದ ಆಳೊಬ್ಬನನ್ನು ಸಂಜೆ ಹೊತ್ತು ತಂದಿದ್ದರಂತೆ. ಹೊಟ್ಟೆಯೊಳಗೆ ರಕ್ತ ಸೋರುತ್ತಿದೆಯೋ ಇಲ್ಲವೋ ಎಂಬುದೊಂದೇ ಪ್ರಶ್ನೆ. ಎರಡು ನಿಮಿಷದಲ್ಲಿ ಉತ್ತರ ಹೇಳುವ ಯಂತ್ರ ಬೀಗ ಹಾಕಿದ ಪಕ್ಕದ ಕೋಣೆಯಲ್ಲಿತ್ತು. ಒಂದು ಗಂಟೆಯ ದಾರಿ, ಹಾಸನಕ್ಕೆ ಕಳಿಸಿದರು. ಸೋರುತ್ತಿತ್ತು. ಅವನು ಬದುಕಿದ. "ಆ ಗಂಟೆಯನ್ನ ನಾನು ಹೇಗೆ ಕಳೆದೆ ಅಂತ ಮಾತ್ರ ಕೇಳಬೇಡಿ" ಎಂದ ನನ್ನ ಭಾವಮೈದುನ.

ಈ ಬೀಗ ಹೇಗೆ ಬಂತು? ಭಾರತದಲ್ಲಿ 1970ರ ದಶಕದಿಂದ ಮೊದಲು ಗರ್ಭಜಲ ಪರೀಕ್ಷೆಯಿಂದ, ಅನಂತರ ಸ್ಕ್ಯಾನಿಂಗಿನಿಂದ ಭ್ರೂಣದ ಲಿಂಗ ತಿಳಿದು ಹೆಣ್ಣಾದರೆ ತೆಗೆಸುವುದು ಶುರುವಾಯಿತು. ಇಂದು ಐನೂರು ಖರ್ಚು ಮಾಡಿ ಮುಂದೆ ಐವತ್ತು ಸಾವಿರ ಉಳಿಸಿರಿ ಎಂಬರ್ಥದ, ವರದಕ್ಷಿಣೆಯನ್ನು ಲೆಕ್ಕ ಹಾಕುವ ಜಾಹೀರಾತುಗಳು ಬಹಿರಂಗವಾಗಿಯೇ ಇದ್ದವು. ಮಹಾರಾಷ್ಟ್ರ 1988ರಲ್ಲಿ ಕಾನೂನು ಮಾಡಿತು. ಕೇಂದ್ರದ ಕಾಯಿದೆ 1994ರದು, 1996ರ ಜನವರಿ 1ರಿಂದ ಜಾರಿ. ಆದರೂ ಆರು ವರ್ಷದೊಳಗಿನ ಮಕ್ಕಳಲ್ಲಿ ಸಾವಿರ ಗಂಡಿಗೆ ಹೆಣ್ಣಿನ ಸಂಖ್ಯೆ 1991ರಲ್ಲಿ 945 ಇದ್ದದ್ದು 2001ರ ಜನಗಣತಿಯಲ್ಲಿ 927ಕ್ಕೆ ಇಳಿಯಿತು. 2011ರಲ್ಲಿ 920ಕ್ಕೂ ಕೆಳಗೆ. 2003ರಲ್ಲಿ ಕಾಯಿದೆಯನ್ನು ಬಿಗಿಮಾಡಿ, ಲಿಂಗ ತಿಳಿಸಬಲ್ಲ ಯಾವುದೇ ಸ್ಕ್ಯಾನರನ್ನು ನೋಂದಣಿಯಿಲ್ಲದ ಕಡೆಗೆ ಮಾರುವಂತಿಲ್ಲ ಎಂದರು. ಹಳ್ಳಿಯಿಂದ ಹಳ್ಳಿಗೆ ಕಾರಿನಲ್ಲಿ ಯಂತ್ರ ಒಯ್ದು ದಂಧೆ ಮಾಡುವವರು ಹೆಚ್ಚಿದಾಗ 2012ರಲ್ಲಿ ಇನ್ನೊಂದು ನಿಯಮ ಬಂತು: ಎತ್ತಿ ಒಯ್ಯುವ ಯಂತ್ರವನ್ನು ನೋಂದಾಯಿತ ಆಸ್ಪತ್ರೆಯೊಳಗೆ ಒಳರೋಗಿಗಳಿಗೆ, ಇಲ್ಲವೇ ಬೇರೆ ಚಿಕಿತ್ಸೆಗಳನ್ನೂ ಕೊಡುವ ಸಂಚಾರಿ ವೈದ್ಯಕೀಯ ಘಟಕದಲ್ಲಿ ಮಾತ್ರ ಬಳಸಬಹುದು. ಎತ್ತಿ ಒಯ್ಯುವುದಕ್ಕೆಂದೇ ನೂರು ವರ್ಷ ಹೆಣಗಿ ಮಾಡಿದ ಯಂತ್ರವನ್ನು ನಮ್ಮ ದೇಶ ಗೋಡೆಗೆ ಕಟ್ಟಿಹಾಕಿತು. ಗರ್ಭಪಾತದ ವಿರುದ್ಧ ಜೀವಮಾನವಿಡೀ ಕೂಗಿದ ಡೊನಾಲ್ಡರ ಯಂತ್ರಕ್ಕೆ ಬಂದ ಗತಿ ಇದು.

ಫೋನು ಇಟ್ಟಾಗ ನನಗೆ ಕಾನೂನಿನ ಮೇಲೆ ಸಿಟ್ಟೇ ಬಂದಿತ್ತು. ನೂರು ಕಳ್ಳರನ್ನು ಹಿಡಿಯಲಾರದೆ ಒಬ್ಬ ಸಜ್ಜನನ ಕೈ ಕಟ್ಟುವುದೇ ಎಂದು ಹೆಂಡತಿಯ ಮುಂದೆ ಭಾಷಣವನ್ನೂ ಮಾಡಿದೆ. ಅದೇ ನವೆಂಬರಿನಲ್ಲಿ ಬೆಂಗಳೂರಿನ ಪೊಲೀಸರು ಒಂದು ಜಾಲವನ್ನು ಹಿಡಿದ ಸುದ್ದಿ ಕನ್ನಡ ಪತ್ರಿಕೆಗಳಲ್ಲೆಲ್ಲ ಬಂತು. ಮಂಡ್ಯ ಜಿಲ್ಲೆಯ ಒಂದು ಆಲೆಮನೆಯಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು, ಬಸುರಿಯರನ್ನು ಅಲ್ಲಿಗೆ ಕರೆಸಿ ಲಿಂಗ ಪತ್ತೆ ಮಾಡುತ್ತಿದ್ದರೆಂಬುದು ಆರೋಪ. ತನಿಖೆಯನ್ನು ಸರ್ಕಾರ ಸಿಐಡಿಗೆ ಒಪ್ಪಿಸಿತು. ನನ್ನ ತಾಯಿಯ ತವರು ಮಂಡ್ಯದ ಕಡೆ. ಬಾಲ್ಯದ ರಜೆಗಳಲ್ಲಿ ಆಲೆಮನೆಯಲ್ಲಿ ಬಿಸಿಬೆಲ್ಲವನ್ನು ಎಲೆಯ ಮೇಲೆ ಹಾಕಿಸಿಕೊಂಡು ತಿಂದವನು ನಾನು. ಕ್ಯೂರಿ ಸೋದರರು ಒತ್ತಿ ನೋಡಿದ ಹರಳುಗಳಲ್ಲಿ ಕಬ್ಬಿನ ಸಕ್ಕರೆಯೂ ಒಂದಲ್ಲವೇ? ಆ ದಿನ ಪ್ರಯೋಗಶಾಲೆಯಲ್ಲಿ ಕೆಲಸ ಸಾಗಲಿಲ್ಲ.

ಹಾಗಾದರೆ ಕಾನೂನು ಸರಿಯೇ? ಆಲೆಮನೆಯ ಯಂತ್ರವನ್ನು ಅದು ತಡೆಯಲಿಲ್ಲ; ಏಣಿಯಿಂದ ಬಿದ್ದವನ ಹೊಟ್ಟೆ ನೋಡುವುದನ್ನು ತಡೆಯಿತು. ಅದನ್ನು ಸಡಿಲಿಸಿದರೆ ಆಲೆಮನೆ ಒಂದಿದ್ದಲ್ಲಿ ಹತ್ತಾಗುವುದಿಲ್ಲವೆಂದು ನಾನು ಪ್ರಮಾಣ ಮಾಡಿ ಹೇಳಲಾರೆ. ಗರ್ಭಿಣಿಯ ಹೊಟ್ಟೆಯ ಚಿತ್ರವನ್ನು ಯಂತ್ರವೇ ತೋರಿಸದಂತೆ, ಎದೆ, ಶ್ವಾಸಕೋಶ, ರಕ್ತನಾಳಗಳನ್ನು ಮಾತ್ರ ತೋರಿಸುವಂತೆ ಬೀಗ ಹಾಕಿದ ತಂತ್ರಾಂಶ ಮಾಡಬಾರದೇ ಎಂದು ಭಾವಮೈದುನನನ್ನು ಕೇಳಿದೆ. ಅವನು ನಕ್ಕು, "ಬೀಗ ಹಾಕೋರು ನಿಮ್ಮಂಥವರು, ಬೀಗ ಒಡೆಯೋರು ನಮ್ಮೂರಲ್ಲಿ ಮೊಬೈಲ್ ರಿಪೇರಿ ಅಂಗಡಿಯವರು" ಎಂದ. ನಮ್ಮ ಹೆಂಗಸರು ಏನನ್ನುತ್ತಾರೆಂದು ತಿಳಿಯುವ ಆಸೆಯಿದೆ. ವೈದ್ಯ ಸದಸ್ಯರು ಸಂಪಾದಕರಿಗೆ ಬರೆಯಬೇಕು.

ಆ ಸಲ ಊರಿಗೆ ಹೋದಾಗ ಅವನ ಆಸ್ಪತ್ರೆಯನ್ನು ನೋಡಿ ಬಂದೆ. ಸ್ಕ್ಯಾನಿಂಗ್ ಕೋಣೆಯ ಬಾಗಿಲ ಮೇಲೆ, ಕಾನೂನಿನ ಪ್ರಕಾರ, ಇಲ್ಲಿ ಭ್ರೂಣದ ಲಿಂಗ ಪತ್ತೆ ಮಾಡುವುದಿಲ್ಲ ಎಂದು ಕನ್ನಡದಲ್ಲಿ ಬರೆದ ಹಲಗೆ ಇತ್ತು. ಅದರ ಕೆಳಗಿನ ಬೆಂಚಿನಲ್ಲಿ ತಜ್ಞರು ಬರುವುದನ್ನು ಕಾಯುತ್ತ ಏಳೆಂಟು ಬಸುರಿಯರು, ಬುತ್ತಿ ಕಟ್ಟಿಕೊಂಡು ಬಂದ ಅವರ ಅತ್ತೆಯರು ಕೂತಿದ್ದರು. ಒಬ್ಬೊಬ್ಬರಿಗೂ ತುಂಬಬೇಕಾದ ನಮೂನೆಗಳ ಕಟ್ಟು ದಾದಿಯ ಮೇಜಿನ ಮೇಲೆ ಒಂದು ಗೇಣು ಎತ್ತರವಿತ್ತು.

ಯುಗಾದಿಯ ಯಜಮಾನರು ಮೇ ತಿಂಗಳಲ್ಲಿ ಊರಿಗೆ ಮರಳಿದರು. ಹೊರಡುವ ಮುನ್ನ ಫೋನು ಮಾಡಿ, ಯಂತ್ರವನ್ನಂತೂ ಒಯ್ಯುವಂತಿಲ್ಲ, ಅಂದು ಕಂಡ ತಮ್ಮ ಹೃದಯದ ಚಿತ್ರವನ್ನಾದರೂ ಕೊಡಬಹುದೇ ಎಂದು ಕೇಳಿದರು. ನನ್ನ ಹೆಂಡತಿ ಅದನ್ನು ಉಳಿಸಿಕೊಂಡಿರಲಿಲ್ಲ. ಭಾನುವಾರ ಮನೆಗೆ ಕರೆದು, ಕಾಫಿ ಕೊಟ್ಟು, ಇನ್ನೊಮ್ಮೆ ತೆಗೆದು ಅವರ ಫೋನಿಗೆ ಕಳಿಸಿದಳು.